ಮೂರನೆಯ ಕೂಗು

ಹೇಡನ್ ಕೌಂಟಿಯ ಕೋರ್ಟಿನಲ್ಲಿ ನಾನು ಮೂವತ್ತೊಂದು ವರ್ಷ ಗುಮಾಸ್ತೆಯಾಗಿದ್ದೆ. ಅಷ್ಟು ವರ್ಷಗಳಲ್ಲಿ ನ್ಯಾಯಾಧೀಶರು ಕೇಳದೆ ನಾನಾಗಿಯೇ ಎದ್ದುನಿಂತು ಮಾತಾಡಿದ್ದು ಒಂದೇ ಸಲ.

ಅದು ಎಂಬತ್ತಾರನೆಯ ಇಸವಿಯ ಅಕ್ಟೋಬರ್, ಒಂದು ಗುರುವಾರ. ನೆಬ್ರಾಸ್ಕದ ನಮ್ಮ ಮೂಲೆಯಲ್ಲಿ ಎರಡು ಕೌಂಟಿಗೆ ಒಬ್ಬರೇ ನ್ಯಾಯಾಧೀಶರು, ಥರ್ಲೋ ಅಂತ. ಮಂಗಳವಾರ ಲಾರ್ಕಿನ್ ಕೌಂಟಿಯಲ್ಲಿ ಕೂರುತ್ತಿದ್ದರು, ಗುರುವಾರ ನಮ್ಮಲ್ಲಿ. ಉಳಿದ ದಿನ ನಮ್ಮ ಕೋರ್ಟಿನ ಬೆಂಚುಗಳ ಮೇಲೆ ಬಿಸಿಲು ಮಾತ್ರ ಕೂರುತ್ತಿತ್ತು. ಹಾಗಾಗಿ ಗುರುವಾರ ಮಧ್ಯಾಹ್ನ ಯಾರನ್ನಾದರೂ ಹಿಡಿದು ತಂದರೆ, ಅವರು ಮುಂದಿನ ಗುರುವಾರದವರೆಗೆ ಕೆಳಗಿನ ಜೈಲಿನಲ್ಲೇ ಇರಬೇಕು. ಇದು ಊರಿಗೆಲ್ಲ ಗೊತ್ತಿದ್ದ ಮಾತು.

ಲುವಾನ್ ಹವ್ಲಿಕ್ ಎರಡು ವಾರದ ಹಿಂದೆ ಮೊದಲ ಸಲ ನಮ್ಮಲ್ಲಿಗೆ ಬಂದಿದ್ದಳು. ಇಪ್ಪತ್ತೇಳು ವರ್ಷ, ಉದ್ದ ಜಡೆ, ಎರಡು ಕೌಂಟಿಯ ಗಡಿಯಲ್ಲಿ ಮನೆ. ಅವಳ ಅಣ್ಣ ಯಾವುದೋ ಕುಣಿತದ ಸಭೆಯಲ್ಲಿ ಕುಡಿದು ಒಬ್ಬನ ಮೂಗಿಗೆ ಗುದ್ದಿದ್ದ. ಪೊಲೀಸಿನವನು ಮನೆಗೆ ಬಂದಾಗ ಇವಳು ಬಾಗಿಲಲ್ಲಿ ನಿಂತು "ಅಣ್ಣ ಮನೇಲಿಲ್ಲ" ಎಂದಿದ್ದಳು. ಅಣ್ಣ ನೆಲಮಾಳಿಗೆಯಲ್ಲಿ ಆಲೂಗಡ್ಡೆ ಚೀಲದ ಹಿಂದಿದ್ದ. ಅವನು ತಪ್ಪು ಒಪ್ಪಿಕೊಂಡು ಅಲ್ಲಿಗೇ ಮುಗಿಸಿಕೊಂಡ. ಪೊಲೀಸರಿಗೆ ಸುಳ್ಳು ಹೇಳಿ ಅಡ್ಡಿಮಾಡಿದಳೆಂಬ ಕೇಸು ಇವಳ ತಲೆಗೆ ಬಂತು.

ಅವತ್ತು ಎಲ್ಲರಿಗೂ ನಡೆಯುವಂತೆ ಇವಳಿಗೂ ನಡೆಯಿತು. ಬೆಂಚಿನಲ್ಲಿ ಕೂತವರಿಗೆಲ್ಲ ಒಟ್ಟಿಗೇ ಅವರ ಹಕ್ಕುಗಳನ್ನು ಓದಿ ಹೇಳಿದರು. ಆಮೇಲೆ ಒಬ್ಬೊಬ್ಬರನ್ನೇ ಕರೆದು ಆರೋಪ ಓದಿ, ಒಪ್ಪುತ್ತೀರಾ ಇಲ್ಲವಾ ಎಂದು ಕೇಳಿದರು. ಲುವಾನ್ ಒಪ್ಪಲಿಲ್ಲ. ವಕೀಲರೂ ಬೇಡ ಎಂದಳು. ಎರಡು ವಾರಕ್ಕೆ ವಾಯಿದೆ ಬಿತ್ತು.

ವಾಯಿದೆಯ ಚೀಟಿ ಬರೆದು, ನ್ಯಾಯಾಧೀಶರ ಸಹಿ ಹಾಕಿಸಿ ಕೊಡುವುದು ನನ್ನ ಕೆಲಸ. ಎರಡು ಕೌಂಟಿಗೂ ಒಂದೇ ಪುಸ್ತಕ ಅಚ್ಚಾಗಿ ಬರುತ್ತಿತ್ತು. ಮೇಲೆ ಎರಡೂ ಕೋರ್ಟಿನ ಹೆಸರಿರುತ್ತಿತ್ತು, ಬೇಡದ್ದನ್ನು ನಾವು ಹೊಡೆದುಹಾಕಬೇಕು.

"ಶನಿವಾರ ಮಾತ್ರ ಏನೂ ಇಡ್ಬೇಡಿ ಮೇಡಂ. ಅವತ್ತು ನರ್ಸಿಂಗ್ ಪರೀಕ್ಷೆ. ವರ್ಷಕ್ಕೆ ಎರಡೇ ಸಲ ಬರೋದು," ಎಂದಳು ಲುವಾನ್. ಮೂರು ವರ್ಷದಿಂದ ವೃದ್ಧಾಶ್ರಮವೊಂದರಲ್ಲಿ ಆಯಾ ಆಗಿದ್ದಳಂತೆ.

"ಶನಿವಾರ ಕೋರ್ಟೆಲ್ಲಿದೆಯಮ್ಮಾ? ಗುರುವಾರ ಬಂದು ಹೋಗು, ಶನಿವಾರ ಹಾಯಾಗಿ ಪರೀಕ್ಷೆ ಬರಿ. ಓದಿದ್ದೆಲ್ಲ ಆಯ್ತಾ?"

"ಓದೋದಾಯ್ತು. ಸೂಜಿ ಚುಚ್ಚೋದೇ ಕಷ್ಟ. ಕಿತ್ತಳೆ ಹಣ್ಣಿಗೆ ಚುಚ್ಚಿ ಚುಚ್ಚಿ ಕಲೀತಿದೀನಿ. ನಮ್ಮಣ್ಣ ಗೊತ್ತಿಲ್ದೆ ಒಂದು ತಿಂದುಬಿಟ್ಟ."

"ಏನಾಯ್ತು ಅವನಿಗೆ?"

"ಅವನಿಗೇನಾಗತ್ತೆ ಮೇಡಂ! ನೀರು ತುಂಬಿದ ಹಣ್ಣು. ರಸ ಜಾಸ್ತಿ ಇತ್ತು ಅಂದ."

ಇಬ್ಬರೂ ನಕ್ಕೆವು. ನಗುತ್ತಲೇ ಚೀಟಿ ಹರಿದು ಕೊಟ್ಟೆ.

ಆ ಗುರುವಾರ ಒಂಬತ್ತೂವರೆಗೆ ಅವಳ ಹೆಸರು ಬಂತು. ನಮ್ಮ ಅಮೀನ ಆರ್ವಿಡ್ ಸೋರೆನ್‌ಸನ್ ಬಾಗಿಲಿಗೆ ಹೋಗಿ ಕೂಗಿದ. ಎಪ್ಪತ್ತು ದಾಟಿದವನು, ಬಲ ಮಂಡಿ ಸವೆದಿತ್ತು. ದನಿ ಮಾತ್ರ ಹೊಲದಾಚೆಯ ಹಸುವನ್ನು ಕರೆಯುವಂಥದ್ದು. ಹಳೇ ಕಾಲದಿಂದ ನಮ್ಮಲ್ಲಿ ಮೂರು ಕೂಗಿನ ಪದ್ಧತಿ. ಮೊದಲನೆಯದು ಕೋರ್ಟಿನ ಬಾಗಿಲಲ್ಲಿ, ಎರಡನೆಯದು ಮಹಡಿ ಮೆಟ್ಟಿಲ ತುದಿಯಲ್ಲಿ, ಮೂರನೆಯದು ಕೆಳಗೆ ಬೀದಿಯ ಕಡೆಯ ಕಲ್ಲು ಮೆಟ್ಟಿಲ ಮೇಲೆ. ಮೂರಕ್ಕೂ ಓಗೊಡದಿದ್ದರೆ ವಾರಂಟು. ಅದಕ್ಕೆ ಥರ್ಲೋ ಅವರು ಜಾಮೀನು ಬರೆಯುತ್ತಿರಲಿಲ್ಲ.

"ಯಾರೂ ಇಲ್ಲ ಸ್ವಾಮಿ," ಎಂದು ಆರ್ವಿಡ್ ಬಂದ.

"ಪಕ್ಕಕ್ಕಿಡಿ. ಪಟ್ಟಿ ಮುಗಿದ ಮೇಲೆ ನೋಡೋಣ."

ಬೇರೆಯವರು ಬಂದರು, ಹೋದರು. ಲೈಸೆನ್ಸ್ ಇಲ್ಲದೆ ಗಾಡಿ ಓಡಿಸಿದವನೊಬ್ಬ ಒಪ್ಪಿಕೊಂಡು ಶಿಕ್ಷೆ ಕೇಳಿಸಿಕೊಂಡ. ಟ್ರ್ಯಾಕ್ಟರ್ ಕದ್ದವನ ಕೇಸು ದೊಡ್ಡದು, ನಮ್ಮಲ್ಲಿ ತೀರುವುದಲ್ಲ. ಮೇಲ್ನೋಟಕ್ಕೆ ಸಾಕಷ್ಟು ಸಾಕ್ಷಿ ಇದೆಯೇ ಎಂದಷ್ಟೇ ನೋಡಿ ಮೇಲಿನ ಕೋರ್ಟಿಗೆ ಕಳಿಸಬೇಕು. ಕಳಿಸಿದರು. ಅವನ ಹೆಂಡತಿ ಕೈಗೂಸಿನೊಡನೆ ಹಿಂದಿನ ಬೆಂಚಿನಲ್ಲಿದ್ದಳು. ಅವನನ್ನು ಕರೆದೊಯ್ಯುವಾಗ ಪೊಲೀಸಿನವನು ಆ ಬೆಂಚಿನ ಪಕ್ಕ ನಿಂತು, ಕಟ್ಟಿಯೇ ಇದ್ದ ಬೂಟಿನ ದಾರವನ್ನು ಬಿಚ್ಚಿ ನಿಧಾನವಾಗಿ ಮತ್ತೆ ಕಟ್ಟಿಕೊಂಡ. ಅಷ್ಟರಲ್ಲಿ ಅಪ್ಪ ಮಗುವಿನ ಕೆನ್ನೆ ಮುಟ್ಟಿದ.

ಹನ್ನೊಂದಕ್ಕೆ ಪಟ್ಟಿ ಮುಗಿಯಿತು. ಆರ್ವಿಡ್ ಮೆಟ್ಟಿಲ ತುದಿಗೆ ಹೋಗಿ ಎರಡನೆಯ ಸಲ ಕೂಗಿದ. ಇಡೀ ಕಟ್ಟಡ ಕೇಳಿಸಿಕೊಂಡು ಸುಮ್ಮನಾಯಿತು.

"ಗೈರುಹಾಜರಿ ಬರೆಯೋಕೆ ಸಿದ್ಧ ಮಾಡ್ಕೊಳ್ಳಿ, ಇಮೋಜೀನ್," ಎಂದರು ಥರ್ಲೋ.

ಫೈಲು ತೆರೆದೆ. ಚೀಟಿಯ ಕಾರ್ಬನ್ ಪ್ರತಿ ಮೇಲೆಯೇ ಇತ್ತು. ಅದರಲ್ಲಿ ಹೇಡನ್ ಕೌಂಟಿಯ ಹೆಸರಿನ ಮೇಲೆ ನೇರವಾದ, ಅಚ್ಚುಕಟ್ಟಾದ ಗೆರೆ. ಲಾರ್ಕಿನ್ ಹಾಗೇ ಉಳಿದಿತ್ತು.

ಆ ಹುಡುಗಿ ಈಗ ಲಾರ್ಕಿನ್‌ನಲ್ಲಿ, ಬೀಗ ಹಾಕಿದ ಕೋರ್ಟಿನ ಮುಂದೆ ಕೂತಿದ್ದಾಳೆ. ನಾನು ಈ ಪ್ರತಿಯನ್ನು ನೋಡಿಲ್ಲವೆಂಬಂತೆ ಪುಟ ತಿರುಗಿಸಿದರೆ ಯಾರಿಗೂ ತಿಳಿಯದು. ಶನಿವಾರ ಅವಳು ಜೈಲಿನಲ್ಲಿರುತ್ತಾಳೆ, ಅಷ್ಟೆ.

ಎದ್ದು ನಿಂತೆ. "ಸ್ವಾಮಿ, ತಪ್ಪು ನಂದು. ಚೀಟಿಯಲ್ಲಿ ಲಾರ್ಕಿನ್ ಅಂತ ಬರ್ಕೊಟ್ಟಿದೀನಿ."

ಸರ್ಕಾರಿ ವಕೀಲ ಟೆರೆನ್ಸ್ ಯೋಸ್ಟ್ ತಲೆಯೆತ್ತಿ ನೋಡಿದ. ವಯಸ್ಸು ಚಿಕ್ಕದು, ಕೆಲಸ ಖಡಕ್ಕು. ಥರ್ಲೋ ಪ್ರತಿಯನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ಓದಿದರು. ಮೂರು ಸಾಲಿನ ಕಾಗದ ಅದು.

"ನೀವೇನಂತೀರಿ, ಯೋಸ್ಟ್?"

"ತಾವು ಅವತ್ತು ಬಾಯಲ್ಲೂ ಹೇಳಿದ್ರಿ, ಸ್ವಾಮಿ. 'ಇದೇ ಕೋರ್ಟಿಗೆ' ಅಂತ. ನಾನು ಕೇಳಿಸ್ಕೊಂಡಿದೀನಿ. ಅವರೂ ಕೇಳಿಸ್ಕೊಂಡಿರ್ಬೇಕು."

"ಹೇಳಿದ್ದು ನಿಜ," ಎಂದರು ಥರ್ಲೋ. "ಪದ್ಧತಿ ಪ್ರಕಾರ ಮೂರನೇ ಕೂಗು ಆಗ್ಲೇಬೇಕು. ಆದ್ರೆ ನಾನು ಮಧ್ಯಾಹ್ನದವರೆಗೂ ಇಲ್ಲೇ ಇರ್ತೀನಿ. ಹನ್ನೆರಡಕ್ಕೆ ಕೂಗಿ. ಇಮೋಜೀನ್, ಹೋಗಿ ಫೋನ್ ಮಾಡಿ."

ಓಡಿದೆ. ಐವತ್ತೆಂಟು ವರ್ಷದವಳು ಓಡಬಹುದಾದಷ್ಟು ಓಡಿದೆ. ಲಾರ್ಕಿನ್‌ನ ಗುಮಾಸ್ತೆ ವೆರ್ನಾ ಮೊದಲ ರಿಂಗಿಗೇ ಎತ್ತಿದಳು.

"ಅಯ್ಯೋ ಮಹರಾಯ್ತಿ, ಈಗ ಎದ್ಯಾ? ಆರು ಸಲ ಮಾಡಿದೀನಿ! ನಿಮ್ಮಲ್ಲಿ ಫೋನ್ ಎತ್ತೋರಿಲ್ವಾ?"

"ಕೋರ್ಟಲ್ಲಿದ್ದೆ ಕಣೇ. ಆ ಹುಡುಗಿ ಎಲ್ಲಿ?"

"ಬೀಗ ಹಾಕಿದ ಬಾಗಿಲ ಮುಂದೆ ಒಂದು ಗಂಟೆ ಕೂತಿದ್ಲು ಪಾಪ, ನಾವೇ ತಡವಾಗಿ ತೆಗೀತೀವಿ ಅಂದ್ಕೊಂಡು. ನಾನು ಕಾಫಿಗೆ ಅಂತ ಎದ್ದಾಗ ನೋಡ್ದೆ. ಚೀಟಿ ನೋಡಿದ್ರೆ ನಿನ್ನ ಅಕ್ಷರ. ಬೆಳ್ಳಗಾಗ್ಬಿಟ್ಲು ಇಮೋಜೀನ್. ಹತ್ತೂಮುಕ್ಕಾಲಿಗೆ ಹೊರಟಳು. ಸೇತುವೆ ಹತ್ರ ರಿಪೇರಿ ಇದೆ, ಹಿಂದಿನ ಮಣ್ಣು ರಸ್ತೇಲಿ ಹೋಗು ಅಂತ ಲಕೋಟೆ ಮೇಲೆ ದಾರಿ ಬರ್ಕೊಟ್ಟೆ. ಹೊಟ್ಟೆಗೇನೂ ತಿಂದಿರ್ಲಿಲ್ಲ, ಗಸಗಸೆ ತುಂಬಿದ ಸಿಹಿ ಬನ್ನು, ಕೊಲಾಚೆ, ಒಂದು ಕೈಗಿಟ್ಟೆ."

ಐವತ್ತೆಂಟು ಮೈಲಿ. ಜೋಳದ ಕಟಾವಿನ ಕಾಲ, ರಸ್ತೆ ತುಂಬ ಆಮೆ ವೇಗದ ಯಂತ್ರಗಳು. ಲೆಕ್ಕ ಹಾಕಿದರೆ ಹನ್ನೆರಡು ಗಂಟೆ ಆಚೆ ಈಚೆ.

ವಾಪಸ್ಸು ಬಂದು ಹೇಳಿದೆ. ಥರ್ಲೋ ತಲೆಯಾಡಿಸಿದರು. ಗಡಿಯಾರ ಹನ್ನೊಂದೂಕಾಲು ತೋರಿಸುತ್ತಿತ್ತು. ಮಾಡಲು ಕೆಲಸವೇನೂ ಉಳಿದಿರಲಿಲ್ಲ. ಆಗ ಯೋಸ್ಟ್ ಗಂಟಲು ಸರಿಮಾಡಿಕೊಂಡ.

"ಸ್ವಾಮಿ, ಹೇಗೂ ಕೂತಿದೀವಿ. ಮುಂದಿನ ತಿಂಗಳ ವಿಚಾರಣೆಗಳ ಪಟ್ಟಿ ಒಂದ್ಸಲ ನೋಡ್ಬಿಡೋಣ್ವಾ?"

ಆ ಪಟ್ಟಿಯನ್ನು ಹಿಂದಿನ ವಾರವೇ ನೋಡಿ ಮುಗಿಸಿದ್ದೆವು. ಅದು ಅವನಿಗೂ ಗೊತ್ತಿತ್ತು, ಥರ್ಲೋ ಅವರಿಗೂ ಗೊತ್ತಿತ್ತು. ಇಬ್ಬರೂ ಒಂದೊಂದೇ ಹೆಸರಿನ ಮೇಲೆ ಬೆರಳಿಟ್ಟು ಗಂಭೀರವಾಗಿ ಮಾತಾಡಿದರು.

ಆರ್ವಿಡ್ ನನ್ನ ಮೇಜಿನ ಬಳಿ ಬಂದು ಬಗ್ಗಿದ. "ಏನ್ರೀ, ಮುಖ ಸುಟ್ಟ ಬದನೇಕಾಯಿ ಆಗಿದೆ?"

"ತಮಾಷೆ ಬೇಡ ಆರ್ವಿಡ್. ಆ ಹುಡುಗಿಯ ಪರೀಕ್ಷೆ ಹೋದ್ರೆ ನಾನೇ ಹೊಣೆ."

"ನನ್ನ ಮಂಡಿ ಇವತ್ತು ಬಹಳ ನೋಯ್ತಿದೆ," ಎಂದ ಅವನು. "ಇಪ್ಪತ್ತೆರಡು ಮೆಟ್ಟಿಲು ಇಳೀಬೇಕು. ಎಷ್ಟು ಹೊತ್ತಾಗತ್ತೋ ದೇವರೇ ಬಲ್ಲ."

ಹನ್ನೆರಡಕ್ಕೆ ಎರಡು ನಿಮಿಷ ಇರುವಾಗ ಥರ್ಲೋ ಕನ್ನಡಕ ತೆಗೆದಿಟ್ಟರು. "ಆರ್ವಿಡ್. ಮೂರನೇದು."

ಆರ್ವಿಡ್ ಹೊರಟ. ನಾನು ಕಿಟಕಿಯ ಬಳಿ ಹೋಗಿ ನಿಂತೆ. ಒಂದು ಮೆಟ್ಟಿಲು, ವಿಶ್ರಾಂತಿ, ಇನ್ನೊಂದು ಮೆಟ್ಟಿಲು. ಒಳಗಿನವರೆಲ್ಲ ಅವನ ಬೂಟಿನ ಸದ್ದನ್ನೇ ಕೇಳುತ್ತಿದ್ದೆವು. ಬೀದಿಯಲ್ಲಿ ಧಾನ್ಯದ ಲಾರಿಯೊಂದನ್ನು ಬಿಟ್ಟರೆ ಏನೂ ಕಾಣಲಿಲ್ಲ. ಕೊನೆಗೆ ಅವನು ಕಲ್ಲು ಮೆಟ್ಟಿಲ ಮೇಲೆ ಬಂದು, ಟೋಪಿ ತೆಗೆದು, ಎದೆ ತುಂಬ ಉಸಿರೆಳೆದುಕೊಂಡ.

ಅಷ್ಟರಲ್ಲಿ ಅಗ್ನಿಶಾಮಕದವರ ಸೈರನ್ ಶುರುವಾಯಿತು. ನಮ್ಮೂರಿನಲ್ಲಿ ಅದು ದಿನವೂ ಹನ್ನೆರಡಕ್ಕೆ ಊಟದ ಹೊತ್ತು ಸಾರುತ್ತದೆ. ನಾಯಿಗಳೆಲ್ಲ ಅದರ ಜೊತೆ ಊಳಿಡುತ್ತವೆ.

ಆರ್ವಿಡ್ ಬಾಯಿ ಮುಚ್ಚಿದ. ಟೋಪಿಯನ್ನು ಎದೆಗಿಟ್ಟುಕೊಂಡು ಸುಮ್ಮನೆ ನಿಂತ. ಯೋಸ್ಟ್ ನನ್ನ ಪಕ್ಕ ಬಂದ.

"ಯಾಕೆ ಕೂಗ್ತಿಲ್ಲ?"

"ಈ ಗದ್ದಲದಲ್ಲಿ ಕೂಗಿದ್ರೆ ಯಾರಿಗೆ ಕೇಳಿಸತ್ತಪ್ಪಾ? ಕೇಳಿಸದ ಕೂಗನ್ನ ನಾನು ಹೇಗೆ ಬರ್ಕೊಳ್ಳಲಿ?"

ಯೋಸ್ಟ್ ಕಿಟಕಿಯ ಗಾಜಿಗೆ ಹಣೆ ಹಚ್ಚಿ ಲಾರ್ಕಿನ್ ಕಡೆಯ ಉತ್ತರದ ರಸ್ತೆಯನ್ನೇ ನೋಡತೊಡಗಿದ.

ಸೈರನ್ ಏರಿತು, ಇಳಿಯಿತು, ಮತ್ತೆ ಏರಿತು. ಎರಡನೆಯ ಸಲ ಇಳಿಯುತ್ತಿರುವಾಗ ಧಾನ್ಯದ ಲಾರಿಯ ಹಿಂದಿನಿಂದ ಧೂಳು ಮುಚ್ಚಿದ ಹಸಿರು ಪಿಕಪ್ ಒಂದು ನುಗ್ಗಿ ಬಂದು, ಪಾದಚಾರಿಗಳ ಹಾದಿಯ ಮೇಲೆ ಒಂದು ಚಕ್ರ ಹತ್ತಿಸಿ ನಿಂತಿತು. ಬಾಗಿಲು ತೆರೆದುಕೊಂಡಿತು. ಜಡೆ ಕಂಡಿತು.

ಸೈರನ್ ಪೂರ್ತಿ ನಿಂತ ಮೇಲೆ, ನಾಯಿಗಳೂ ಸುಮ್ಮನಾದ ಮೇಲೆ, ನಾಲ್ಕೇ ಅಡಿ ದೂರದಲ್ಲಿ ಏದುಸಿರು ಬಿಡುತ್ತ ನಿಂತವಳ ಮುಖಕ್ಕೆ ಆರ್ವಿಡ್ ಊರಿಗೆಲ್ಲ ಕೇಳುವಂತೆ ಕೂಗಿದ.

"ಲುವಾನ್ ಹವ್ಲಿಕ್!"

"ಇದೀನಿ!" ಎಂದು ಅವಳೂ ಅಷ್ಟೇ ಜೋರಾಗಿ ಕೂಗಿದಳು. ಎದುರಿನ ಕ್ಷೌರದಂಗಡಿಯಿಂದ ಇಬ್ಬರು ಹೊರಗೆ ಬಂದು ನೋಡಿದರು.

ಮೇಲೆ ಬಂದಾಗ ಅವಳ ಒಂದು ಕೈಯಲ್ಲಿ ಲಕೋಟೆ, ಇನ್ನೊಂದರಲ್ಲಿ ಕಚ್ಚದ ಕೊಲಾಚೆ. ಮಾತಾಡಲು ಬಾಯಿ ತೆರೆದಳು, ಅಳು ಬಂತು. ಥರ್ಲೋ ಕೈಯೆತ್ತಿ ತಡೆದರು.

"ಆರ್ವಿಡ್, ಇವರು ಯಾವಾಗ ಬಂದರು?"

"ಮೂರನೇ ಕೂಗಿಗೆ, ಸ್ವಾಮಿ."

"ಬರ್ಕೊಳ್ಳಿ ಇಮೋಜೀನ್. ಮೂರನೇ ಕೂಗಿಗೆ ಹಾಜರು." ಆಮೇಲೆ ಆ ಕಾರ್ಬನ್ ಪ್ರತಿಯನ್ನು ನನ್ನ ಕಡೆ ತಳ್ಳಿದರು. "ಇದರ ಕೆಳಗಿರೋದು ನನ್ನ ಸಹಿ. ಓದದೆ ಹಾಕಿದೀನಿ. ಅದನ್ನೂ ಬರ್ಕೊಳ್ಳಿ."

ಬರೆದೆ. ಅಕ್ಷರ ಸ್ವಲ್ಪ ಮಂಜಾಗಿ ಕಂಡಿತು.

ಹೊಸ ವಾಯಿದೆ ನವೆಂಬರಿಗೆ ಬಿತ್ತು. ಚೀಟಿಯಲ್ಲಿ ಲಾರ್ಕಿನ್ ಹೆಸರನ್ನು ಮೂರು ಸಲ ಹೊಡೆದು, ಲುವಾನ್‌ಳಿಂದಲೇ ಗಟ್ಟಿಯಾಗಿ ಓದಿಸಿದೆ. ಅವಳು ಓದಿ, ಮೂಗು ಒರೆಸಿಕೊಂಡು, ಕೊಲಾಚೆಯನ್ನು ಅಲ್ಲೇ ನನ್ನ ಕಿಟಕಿಯ ಮುಂದೆ ನಿಂತು ತಿಂದಳು.

ನವೆಂಬರಿನಲ್ಲಿ ಆರು ಜನರ ಜ್ಯೂರಿ ಕೂತಿತು. ಯೋಸ್ಟ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದ. ಅಣ್ಣ ಮನೆಯಲ್ಲಿದ್ದದ್ದು ನಿಜ, ಇಲ್ಲ ಎಂದು ಇವಳು ಹೇಳಿದ್ದೂ ನಿಜ. ಜ್ಯೂರಿಯವರು ತಪ್ಪಿತಸ್ಥೆ ಎಂದರು. ಥರ್ಲೋ ಜೈಲಿಗೆ ಕಳಿಸಲಿಲ್ಲ, ಆರು ತಿಂಗಳು ಸನ್ನಡತೆಯಲ್ಲಿರಬೇಕೆಂದು ಬರೆದರು. ಬರೆಯುವ ಮುಂಚೆ, ದಾಖಲೆಗಾಗಿ ಎನ್ನುತ್ತ ಒಂದು ಪ್ರಶ್ನೆ ಕೇಳಿದರು.

"ಉದ್ಯೋಗ?"

"ನರ್ಸ್, ಸ್ವಾಮಿ," ಎಂದಳು ಲುವಾನ್. "ಸೋಮವಾರ ಕಾಗದ ಬಂತು."

ಬಾಗಿಲ ಬಳಿ ಆರ್ವಿಡ್ ತನ್ನ ಬಲ ಮಂಡಿಯನ್ನು ತಟ್ಟಿ ನನಗೆ ತೋರಿಸಿದ.