ಮೂಕಪ್ಪ ಒಳಹೊಕ್ಕ ದೋಣಿ

ಎರಡೂ ದೋಣಿ ಅವಳಿ-ಜವಳಿ. ಎರಡರ ನಡುವೆಯೂ ನಾಲ್ಕು ಮಂದಿ ಕೂಡುವಷ್ಟು ಪುಟ್ಟ ಕೋಣೆ, ಹಿಂದೆ ಮೋಟರು, ಮೈಗೆಲ್ಲ ಹೊಸ ನೀಲಿ ಬಣ್ಣ. ಎಪ್ಪತ್ತೆಂಟರ ಬೇಸಿಗೆಯಲ್ಲಿ ಆಣೆಕಟ್ಟಿನ ಗುತ್ತಿಗೆದಾರನೊಬ್ಬ ಅವನ್ನು ದೇವದುರ್ಗದ ಕಡೆ ಕೃಷ್ಣಾ ದಂಡೆಯಲ್ಲಿ ಮಾರಾಟಕ್ಕೆ ಕಟ್ಟಿ ನಿಲ್ಲಿಸಿದ್ದ. ಮಾನ್ವಿಯ ಅಕ್ಕಿ ಗಿರಣಿಯ ಸಾಹುಕಾರ ವಿರೂಪಣ್ಣನಿಗೆ ಬೇಕಿದ್ದದ್ದು ಒಂದೇ. ಕೋಣೆಯಲ್ಲಿ ಅವನ ಮನೆಯವರು ಕೂಡಬೇಕು. ಮುಂದಿನ ಬಯಲು ಹಲಗೆಯ ಮೇಲೆ ಆಚೆ ದಂಡೆಯ ಅವನ ಗದ್ದೆಗೆ ದಿನಾ ಹೋಗುವ ಕೂಲಿ ಹೆಂಗಸರು. ಅವರಲ್ಲಿ ಮೂಕಪ್ಪನ ಮಗಳು ಅಮರಮ್ಮನೂ ಒಬ್ಬಳು, ಮೂರು ತಿಂಗಳ ಬಸುರಿ.

ಇಪ್ಪತ್ತು ವರ್ಷ ಹರಿಗೋಲು ಹಾಕಿದವನೆಂದು ಸಾಹುಕಾರ ಹೊಲೆಗೇರಿಯಿಂದ ಮೂಕಪ್ಪನನ್ನೇ ಕರೆಸಿದ್ದ.

ಮೂಕಪ್ಪ ಸೊಂಟಮಟ ನೀರಿಗಿಳಿದು ಬೆರಳ ಗೆಣ್ಣಿನಿಂದ ಹಲಗೆ ಹಲಗೆ ಬಡಿದ. ಎಡಗಡೆಯದು ಠಣ್ ಎಂದಿತು. ಬಲಗಡೆಯದು ಹಸಿಮಣ್ಣು ಗುದ್ದಿದಂತೆ ಬದ್ ಎಂದಿತು; ಮೊಳೆ ಚುಚ್ಚಿದರೆ ಸಲೀಸಾಗಿ ಇಳಿಯಿತು. ಅದನ್ನು ಅಲ್ಲಿಗೇ ಬಿಟ್ಟ. ಎಡಗಡೆಯದನ್ನು ಹತ್ತಿ, ಕೋಣೆಯೊಳಗೆ ಬೋರಲು ಮಲಗಿ, ಸಂದು ಸಂದು ಸವರಿ ನೋಡಿ ಹೊರಬಂದ.

“ಎಡಗಡೀದು ತಗೋರಿ ಧಣೇರ. ಇನ್ನೊಂದರ ತಳ ಕೊಳತದ. ತುಂಬಿದ ಹೊಳ್ಯಾಗ ಬಿಚ್ಚಿಕೊಳ್ತದ.”

“ಕ್ವಾಣ್ಯಾಗ ಹೊಕ್ಕಿದ್ಯೇನಲೇ?”

“ಹೊಕ್ಕ ನೋಡಬೇಕಲ್ರೀ.”

“ಮತ್ತ ನಮ್ಮನಿಯಾಕಿ ನೀಲಗಂಗಮ್ಮ ಅದರಾಗ ಹೆಂಗ ಕುಂದ್ರಬೇಕು?” ವಿರೂಪಣ್ಣ ಗುತ್ತಿಗೆದಾರನತ್ತ ತಿರುಗಿದ. “ಬಲಗಡೀದು ಕೊಡ್ರಿ. ಎರಡೂ ಒಂದ ಅದಾವಲ್ಲ.”

ಮೂಕಪ್ಪನಿಗೆ ಆಗ ಹೊಳೆಯಿತು: ತಾನು ಮುಟ್ಟಿದ್ದಕ್ಕೇ ಒಳ್ಳೆಯದು ಕೆಟ್ಟಿತು! ಕೊಳೆತದ್ದರೊಳಗೆ ಹೊಕ್ಕಿದ್ದರೆ ಮಗಳು ಗಟ್ಟಿ ದೋಣಿಯಲ್ಲಿ ಕೂಡುತ್ತಿದ್ದಳು.

ಸರಸರ ನಡೆದು ಬಲಗಡೆಯದನ್ನೂ ಹತ್ತಿದ. ಕೋಣೆ ಹೊಕ್ಕು, ಕಾಲು ಚಾಚಿ ಮಲಗಿ ಕೂಗಿದ: “ಈಗ ಖರೇನ ಎರಡೂ ಒಂದ ಆದವು ಧಣೇರ. ಇನ್ನ ತಳ ನೋಡಿ ಆರಿಸ್ರಿ!”

ಆಳುಗಳು ಕಾಲು ಹಿಡಿದು ಎಳೆದು ತಂದರು. ಮೆಟ್ಟಿನ ಏಟಿಗೆ ಎರಡು ಹಲ್ಲು ಉದುರಿದವು.

ಕೊನೆಗೆ ಎಡಗಡೆಯದನ್ನೇ ಕೊಂಡರು. ಗೋಮೂತ್ರ ಚಿಮುಕಿಸಿದರು, ಶುದ್ಧವಾಯಿತಂತೆ. ಮೊದಲೇ ಚಿಮುಕಿಸಬಹುದಿತ್ತಲ್ಲ ಎಂದು ಯಾರೂ ಕೇಳಲಿಲ್ಲ. ಮೂಕಪ್ಪನ ಮನೆಯವರಿಗೆ ಆ ದೋಣಿಯೂ ಇಲ್ಲ, ಆ ಗದ್ದೆಯ ಕೂಲಿಯೂ ಇಲ್ಲ ಎಂದು ಕಟ್ಟಪ್ಪಣೆಯಾಯಿತು.

ಶ್ರಾವಣದಲ್ಲಿ ಹೊಳೆ ದಂಡೆ ತುಂಬಿ ಹರಿಯಿತು. ಸಾಹುಕಾರನ ನೀಲಿ ದೋಣಿ ಕೂಲಿ ಹೆಂಗಸರನ್ನು ಹೊತ್ತು ಆಚೆ ದಂಡೆ ಮುಟ್ಟುತ್ತಿತ್ತು. ಗಬ್ಬೂರಿನ ಕಡೆ ಕೂಲಿ ಹುಡುಕಿ ಹೊರಟಿದ್ದ ಅಮರಮ್ಮ, ತುಂಬು ಹೊಟ್ಟೆ ಹೊತ್ತು ಅಪ್ಪನ ಪಕ್ಕ ನಿಂತಳು. “ಯಪ್ಪಾ, ನಿನಗ್ಯಾಕ ಬೇಕಿತ್ತು ಅದು?”

ಮೂಕಪ್ಪ ಹೊಳೆಯ ಮೇಲಿನ ಕಣ್ಣು ಕೀಳಲಿಲ್ಲ. “ನನಗ ಕಾಣವಲ್ದು. ಎಲ್ಲಾರೂ ಇಳದ್ರೇನು ನೋಡವ್ವಾ.”

“ಇಳದ್ರು,” ಎಂದಳು ಅಮರಮ್ಮ. ಕುಡುಗೋಲು ಸೊಂಟಕ್ಕೆ ಸಿಕ್ಕಿಸಿ ರಸ್ತೆ ಹಿಡಿದಳು.