ವರ್ಲೀನ್ ಹೇಳಿದ ಒಂದು ಮಾತು

ಚುನಾವಣೆ ಬಂತೆಂದರೆ ಅಲಬಾಮಾದ ಪೆಟಿಗ್ರೂ ಕೌಂಟಿಯೆಂಬ ಜಿಲ್ಲೆಯ ಕಪ್ಪು ಜನರ ಚರ್ಚಿನಲ್ಲಿ ಮೊದಲು ಬಿಸಿಯಾಗುತ್ತಿದ್ದದ್ದು ಹಿಂದಿನ ಅಡುಗೆಮನೆಯ ಎಣ್ಣೆ ಬಾಣಲೆ. ಅದರ ಮುಂದೆ ನಿಲ್ಲುತ್ತಿದ್ದವಳು ವರ್ಲೀನ್ ಟಬ್ಸ್. ಅವಳಿಗೆ ನಲವತ್ತೊಂಬತ್ತು ವರ್ಷ. ಚರ್ಚಿನ ಮೀನೂಟ ಮಾರಿ ಬಂದ ಹಣದಲ್ಲೇ ಪ್ರಚಾರದ ಖರ್ಚು ನಡೆಯುತ್ತಿತ್ತು. ಮೀನಿನ ತುಂಡುಗಳನ್ನು ಮೆಕ್ಕೆಜೋಳದ ಹಿಟ್ಟಿನಲ್ಲಿ ಹೊರಳಿಸಿ ಎಣ್ಣೆಗೆ ಬಿಡುತ್ತಲೇ ಅವಳು ಇಡೀ ಚುನಾವಣೆಯನ್ನು ನಡೆಸುತ್ತಿದ್ದಳು. ಯಾವ ಮುದುಕಿಗೆ ಕಾರು ಕಳಿಸಬೇಕು, ಯಾರ ಹೆಸರು ಪಟ್ಟಿಯಲ್ಲಿ ಬಿಟ್ಟುಹೋಗಿದೆ, ಯಾವ ಮನೆಯ ಗಂಡ ಹೆಂಡತಿ ಮುನಿಸಿಕೊಂಡಿರುವುದರಿಂದ ಇಬ್ಬರನ್ನೂ ಬೇರೆ ಬೇರೆ ಕರೆತರಬೇಕು, ಎಲ್ಲವೂ ಅವಳಿಗೆ ಬಾಯಿಪಾಠ. ಮತದಾನದ ಮುಂಚಿನ ಭಾನುವಾರ ಅವಳು ಗುಲಾಬಿ ಬಣ್ಣದ ಚೀಟಿ ಹಂಚುತ್ತಿದ್ದಳು. ಅದರಲ್ಲಿ ಯಾರ ಹೆಸರಿದೆಯೋ ಅವರಿಗೇ ಅರ್ಧ ಊರಿನ ಮತ.

ಹದಿನೆಂಟು ವರ್ಷಗಳಲ್ಲಿ ಆ ಚೀಟಿಯ ಮೇಲೆ ಒಬ್ಬ ಹೆಂಗಸಿನ ಹೆಸರೂ ಬಂದಿರಲಿಲ್ಲ. ಹೆಂಗಸರು ಮನೆ ಮನೆ ಸುತ್ತಬೇಕು, ಮೀನು ಕರಿಯಬೇಕು, ಜನರನ್ನು ಹೊತ್ತು ತರಬೇಕು. ಕುರ್ಚಿಯ ಮೇಲೆ ಮಾತ್ರ ಗಂಡಸು ಕೂರಬೇಕು. ಇದು ಬರೆದಿಟ್ಟ ಕಾನೂನಲ್ಲ. ಬರೆದಿಟ್ಟಿದ್ದರೆ ಕೋರ್ಟಿಗೆ ಹೋಗಿ ಮುರಿಸಬಹುದಿತ್ತು. ಅಲಬಾಮಾದ ಆ ಜನ ಬಿಳಿಯರು ಬರೆದ ಅಂಥ ಎಷ್ಟೋ ಕಾನೂನುಗಳನ್ನು ಪೆಟ್ಟು ತಿಂದು ಮುರಿಸಿದ್ದರು. ಇದು ಮರ್ಯಾದೆ, ಒಗ್ಗಟ್ಟು ಎಂಬ ಒಳ್ಳೆಯ ಬಟ್ಟೆ ತೊಟ್ಟು ಅವರ ಮನೆಯೊಳಗೇ ಓಡಾಡಿಕೊಂಡಿತ್ತು. ಹಾಗಾಗಿ ಯಾರೂ ಅದನ್ನು ತಡೆದು ಕೇಳಿರಲಿಲ್ಲ.

೧೯೮೬ರ ಏಪ್ರಿಲ್‌ನ ಒಂದು ಶನಿವಾರ ವರ್ಲೀನಳ ನಾದಿನಿ ಐಡೆಲ್ಲಾ ಅಡುಗೆಮನೆಗೆ ಬಂದಳು. ವರ್ಲೀನಳ ಗಂಡ ರೂಬೆನ್‌ನ ತಂಗಿ. ಶಾಲೆಯ ಬಸ್ಸು ಓಡಿಸುತ್ತಿದ್ದಳು. ಏಪ್ರನ್ ಕಟ್ಟಿಕೊಳ್ಳುತ್ತಾ ಹೇಳಿದಳು, "ಅತ್ತಿಗೆ, ನಿನ್ನೆ ಕೋರ್ಟಿನ ಕಚೇರಿಗೆ ಹೋಗಿದ್ದೆ. ಕೌಂಟಿ ಮಂಡಳಿಗೆ ನನ್ನ ಹೆಸರು ಕೊಟ್ಟು ಬಂದೆ."

ಆಲೂಗಡ್ಡೆ ಸುಲಿಯುತ್ತಿದ್ದ ಮುದುಕಿ ಮಿಸ್ ಆಸಿ ಕೈ ನಿಲ್ಲಿಸಿದಳು. "ಆ ಜಾಗಕ್ಕೆ ಡೀಕನ್ ಹೊರೇಸ್ ನಿಂತಿದ್ದಾರಲ್ಲೇ, ಮಗಳೇ?"

"ಹೌದು, ಮಿಸ್ ಆಸಿ. ಅವರ ಎದುರಿಗೇ."

"ನಾವಿಲ್ಲಿ ಅವರಿಗಾಗೇ ಮೀನು ಕರೀತಿದ್ದೀವಿ!"

"ಗೊತ್ತು. ಅದಕ್ಕೇ ಬೆನ್ನ ಹಿಂದೆ ಬೇಡ, ಮುಖದ ಮುಂದೆ ಹೇಳೋಣ ಅಂತ ಬಂದೆ. ಕಾರ್ಲೀನ್ ನನ್ನ ಬಸ್ಸಲ್ಲೇ ಸತ್ತಳು, ಅತ್ತಿಗೆ. ನಾನು ಹೇಗೆ ಸುಮ್ಮನಿರಲಿ?"

ಕಾರ್ಲೀನ್ ಎಂಬ ಇಪ್ಪತ್ತೆರಡರ ಹುಡುಗಿಯ ಸುದ್ದಿ ಎಲ್ಲರಿಗೂ ಗೊತ್ತಿತ್ತು. ಹಿಂದಿನ ವರ್ಷ ಕೌಂಟಿ ಮಂಡಳಿ ಊರಿನ ಹೆರಿಗೆ ಆಸ್ಪತ್ರೆಯನ್ನು ಮುಚ್ಚಿತ್ತು. ಮಂಡಳಿಯ ಒಬ್ಬನೇ ಕಪ್ಪು ಸದಸ್ಯ, ಚರ್ಚಿನಲ್ಲಿ ಡೀಕನ್ ಎಂಬ ಹಿರಿಯನ ಸ್ಥಾನದಲ್ಲಿದ್ದ ಹೊರೇಸ್ ಬ್ಯಾಟಲ್ ಕೂಡ ಅದಕ್ಕೆ ಕೈ ಎತ್ತಿದ್ದ. ಬದಲಿಗೆ ಬಿಳಿಯ ಸದಸ್ಯರು ಚರ್ಚಿನ ರಸ್ತೆಗೆ ಟಾರು ಹಾಕಿಸಿಕೊಟ್ಟಿದ್ದರು. ಜನವರಿಯಲ್ಲಿ ಕಾರ್ಲೀನಳಿಗೆ ನೋವು ಶುರುವಾದಾಗ ಆಂಬ್ಯುಲೆನ್ಸ್ ಬರಲಿಲ್ಲ. ಮಕ್ಕಳನ್ನಿಳಿಸಿ ವಾಪಸಾಗುತ್ತಿದ್ದ ಐಡೆಲ್ಲಾ ಅವಳನ್ನು ಬಸ್ಸಿನಲ್ಲಿ ಮಲಗಿಸಿಕೊಂಡು ನಲವತ್ತು ಮೈಲಿ ದೂರದ ಆಸ್ಪತ್ರೆಗೆ ಹೊರಟಳು. ನದಿಯ ಸೇತುವೆ ದಾಟುವಷ್ಟರಲ್ಲಿ ತಾಯಿಯೂ ಹೋದಳು, ಮಗುವೂ ಹೋಯಿತು.

"ಮಂಡಳಿಯಲ್ಲಿ ಹೆತ್ತವಳೊಬ್ಬಳಿದ್ದಿದ್ರೆ ಆ ಬಾಗಿಲು ಮುಚ್ಚೋಕೆ ಬಿಡ್ತಿದ್ದಳಾ?" ಎಂದಳು ಐಡೆಲ್ಲಾ.

ವರ್ಲೀನಳ ಬಾಣಲೆಯಲ್ಲಿದ್ದ ಮೀನು ಸೀದುಹೋಗುತ್ತಿತ್ತು. ಅವಳು ಮೀನು ಸೀಯಿಸಿದ್ದನ್ನು ಅಲ್ಲಿದ್ದ ಯಾರೂ ಹಿಂದೆಂದೂ ಕಂಡಿರಲಿಲ್ಲ.

ಅವಳ ಹೊಟ್ಟೆಯಲ್ಲಿ ಉರಿ ಎದ್ದಿತ್ತು. ಅದು ಹೊರೇಸನ ಮೇಲಿನ ಅಭಿಮಾನವಲ್ಲ, ಪದ್ಧತಿಯ ಮೇಲಿನ ಭಕ್ತಿಯೂ ಅಲ್ಲ. ಶುದ್ಧ ಹೊಟ್ಟೆಕಿಚ್ಚು.

೧೯೬೮ರಲ್ಲಿ ವರ್ಲೀನಳಿಗೆ ಮೂವತ್ತೊಂದು. ಅದಕ್ಕೆ ಮೂರು ವರ್ಷ ಮುಂಚೆ ಮತದಾರರ ಪಟ್ಟಿಗೆ ಹೆಸರು ಸೇರಿಸಲು ಕೋರ್ಟಿನ ಮೆಟ್ಟಿಲು ಹತ್ತಿದ ಮೊದಲ ಐವರಲ್ಲಿ ಅವಳೊಬ್ಬಳು. ಅದೇ ವಾರ ಬಿಳಿಯರ ಮನೆಯ ಅಡುಗೆ ಕೆಲಸ ಕಳೆದುಕೊಂಡಳು. ಶಾಲಾ ಮಂಡಳಿಯ ಚುನಾವಣೆ ಬಂದಾಗ ಜನ ಅವಳ ಹೆಸರೇ ಹೇಳಿದರು. ಅವಳಿಗೂ ಆಸೆಯಿತ್ತು. ಆಗ ಚರ್ಚಿನ ಹಿರಿಯರು ಮನೆಗೆ ಬಂದು ಕೂತರು. "ಅರುವತ್ತು ವರ್ಷದ ನಮ್ಮ ಗಂಡಸನ್ನ ಬಿಳಿಯ 'ಲೇ ಹುಡುಗ' ಅಂತಾನೇ ಕರೆಯೋದು, ವರ್ಲೀನ್. ಈಗ ತಾನೇ ತಲೆ ಎತ್ತೋ ಕಾಲ ಬಂದಿದೆ. ನೀನು ಮುಂದೆ ಬಂದು ನಿಂತ್ರೆ ಅವರ ತಲೆ ಮತ್ತೆ ಬಗ್ಗಿಸಿದ ಹಾಗೆ. ಮೊದಲು ನಮ್ಮ ಜನ ಗೆಲ್ಲಲಿ. ಹೆಂಗಸರ ಸರದಿ ಆಮೇಲೆ ಬಂದೇ ಬರತ್ತೆ." ಬಿಳಿಯರು ಬೈದಿದ್ದರೆ ಅವಳು ಬಗ್ಗುತ್ತಿರಲಿಲ್ಲ. ತನ್ನವರೇ ನೋವು ತೋರಿಸಿ ಕೇಳಿದಾಗ ಬಗ್ಗಿದಳು. ಅವಳ ಬದಲಿಗೆ ಹೊರೇಸ್ ನಿಂತ, ಗೆದ್ದ, ಮುಂದೆ ಕೌಂಟಿ ಮಂಡಳಿಗೂ ಏರಿದ. ಆಸೆಪಟ್ಟು ಬಂದ ಪ್ರತಿಯೊಬ್ಬ ಹುಡುಗಿಗೂ ಅಲ್ಲಿಂದಾಚೆ ವರ್ಲೀನ್ ಅದೇ ಮಾತು ಹೇಳಿ ಕೂರಿಸಿದಳು.

ಈಗ ಈ ಐಡೆಲ್ಲಾ, ಯಾರನ್ನೂ ಕೇಳದೆ, ಹೋಗಿ ಹೆಸರು ಕೊಟ್ಟು ಬಂದಿದ್ದಾಳೆ. ಅಷ್ಟು ಸುಲಭವಾಗಿದ್ದರೆ ತಾನು ಇಷ್ಟು ವರ್ಷ ಕೂತದ್ದು ಯಾತಕ್ಕೆ?

ಮೇ ತಿಂಗಳಲ್ಲಿ ಐಡೆಲ್ಲಾ ಊರೂರು ಸುತ್ತಿದಳು. ಹೊಲಿಗೆ ಕಾರ್ಖಾನೆಯ ಗೇಟಿನಲ್ಲಿ, ಬಟ್ಟೆ ಒಗೆಯುವ ಅಂಗಡಿಯಲ್ಲಿ, ಮೀನು ಹಿಡಿಯುವವರ ದಂಡೆಯಲ್ಲಿ ನಿಂತು ಮಾತಾಡಿದಳು. ಚೆನ್ನಾಗಿಯೇ ಮಾತಾಡುತ್ತಿದ್ದಳು. ಒಂದು ದಿನ ವರ್ಲೀನ್ ಹಿಂದಿನ ಸಾಲಿನಲ್ಲಿ ನಿಂತು ಕೇಳಿದಳು. ಪಕ್ಕದಲ್ಲಿದ್ದ ಹುಡುಗಿಯೊಬ್ಬಳು ಕಣ್ಣರಳಿಸಿ, "ನಮ್ಮ ಊರಲ್ಲಿ ಇಂಥ ಹೆಂಗಸು ಇದುವರೆಗೂ ಹುಟ್ಟಿರಲಿಲ್ಲ, ಅಲ್ವಾ ಸಿಸ್ಟರ್ ವರ್ಲೀನ್?" ಎಂದಳು. ಆ ಹುಡುಗಿಯ ತಾಯಿಗೆ ಸಹಿ ಮಾಡಲು ಕಲಿಸಿ ಮೊದಲ ಮತ ಹಾಕಿಸಿದ್ದವಳು ವರ್ಲೀನ್. "ಇಲ್ಲ ಬಿಡು," ಎಂದು ನಕ್ಕಳು. ಮನೆಗೆ ಹೋಗುವ ದಾರಿಯುದ್ದಕ್ಕೂ ಆ ಮಾತು ಅವಳನ್ನು ಕುಟುಕಿತು.

ಮರುದಿನ ಹೆಂಗಸರ ಪ್ರಾರ್ಥನಾ ಕೂಟ. ಐಡೆಲ್ಲಾಳ ಮಾತು ಬಂತು. ಮಿಸ್ ಆಸಿ, "ಹುಡುಗಿ ಹೇಳೋದರಲ್ಲಿ ಸುಳ್ಳೇನಿಲ್ಲ. ನಾನಂತೂ ಅವಳಿಗೇ ಹಾಕೋಣ ಅಂತಿದ್ದೀನಿ," ಎಂದಳು.

ವರ್ಲೀನ್ ಚಹಾದ ಲೋಟದಿಂದ ತಲೆ ಎತ್ತದೆ ಹೇಳಿದಳು, "ಕೌಂಟಿ ಉಳಿಸ್ತಾಳಂತೆ. ಗಂಡನ್ನ ಉಳಿಸಿಕೊಳ್ಳೋಕಾಗಲಿಲ್ಲ. ಅವನು ಯಾಕೆ ಬಿಟ್ಟು ಹೋದ ಅಂತ ನಾನು ಬಾಯಿಬಿಟ್ಟರೆ..."

ಅಲ್ಲಿಗೆ ನಿಲ್ಲಿಸಿದಳು. ಉಳಿದದ್ದನ್ನು ಊರು ತಾನೇ ತುಂಬಿಸಿಕೊಂಡಿತು. ಮೂರು ದಿನಕ್ಕೆ ಐಡೆಲ್ಲಾಳಿಗೆ ಒಬ್ಬ ಗೆಣೆಕಾರ ಹುಟ್ಟಿದ, ಐದು ದಿನಕ್ಕೆ ಇಬ್ಬರಾದರು. ಬಾಗಿಲು ತೆರೆಯುತ್ತಿದ್ದ ಮನೆಗಳಲ್ಲಿ ಪರದೆ ಮಾತ್ರ ಅಲ್ಲಾಡತೊಡಗಿತು.

ನಿಜ ಗೊತ್ತಿದ್ದವರು ಇಬ್ಬರೇ. ಗಂಡ ಬಿಟ್ಟು ಹೋಗಿರಲಿಲ್ಲ. ಐಡೆಲ್ಲಾಳೇ ಹೊರಗೆ ಹಾಕಿದ್ದಳು. ಏಳು ವರ್ಷದ ಹಿಂದೆ ಒಂದು ಮಧ್ಯಾಹ್ನ ಅವಳು ಹರಿದ ತುಟಿ, ಊದಿದ ಕಣ್ಣು ಹೊತ್ತು ಅತ್ತಿಗೆಯ ಹಿತ್ತಿಲ ಬಾಗಿಲಿಗೆ ಬಂದಿದ್ದಳು. ರಕ್ತ ತೊಳೆದವಳು ವರ್ಲೀನ್. "ಅಣ್ಣನಿಗೆ ಹೇಳಬೇಡಿ ಅತ್ತಿಗೆ, ಬಂದೂಕು ತಗೊಂಡು ಹೋಗ್ತಾನೆ. ಜೈಲಲ್ಲೇ ಕೊಳೀತಾನೆ," ಎಂದು ಆಣೆ ಹಾಕಿಸಿಕೊಂಡಿದ್ದಳು.

ವಾರದ ನಂತರ ಐಡೆಲ್ಲಾ ಅದೇ ಹಿತ್ತಿಲ ಬಾಗಿಲಿಗೆ ಬಂದಳು. ಒಳಗೆ ಕಾಲಿಡಲಿಲ್ಲ.

"ಅತ್ತಿಗೆ, ಆ ಮಾತು ನಿಮ್ಮ ಬಾಯಿಂದ ಹೊರಟಿದ್ದು ಅಂತಾರೆ. ಅಲ್ಲ ಅನ್ನಿ, ನಂಬಿಕೊಂಡು ಹೋಗ್ತೀನಿ."

ವರ್ಲೀನ್ ಸೊಪ್ಪು ಸೋಸುತ್ತಲೇ ಇದ್ದಳು. "ನಾನು ಸುಳ್ಳೇನೂ ಹೇಳಲಿಲ್ಲ. ಯಾಕೆ ಬಿಟ್ಟ ಅಂತ ಹೇಳಲ್ಲ ಅಂದೆ, ಅಷ್ಟೆ."

"ನನ್ನ ರಕ್ತ ನಿಮ್ಮ ಈ ಸಿಂಕಲ್ಲೇ ಹರಿದುಹೋಯ್ತು." ಎಂದಳು ಐಡೆಲ್ಲಾ. "ನಾನು ನಿಮಗೇನು ಮಾಡಿದೆ?"

"ಏನು ಮಾಡಿದೆಯಾ? ಸರದಿ ತಪ್ಪಿಸಿ ಬಂದೆ! ಸಾಲಲ್ಲಿ ನಾನು ನಿಂತಿದ್ದೆ ಕಣೇ, ನಿನ್ನ ಮುಂದೆ ನಾನಿದ್ದೆ!"

ಹೇಳಿದ ಮೇಲೆ ವರ್ಲೀನಳೇ ಬೆಚ್ಚಿದಳು.

"ಆ ಸಾಲು ಮುಂದೆ ಹೋಗ್ತಾನೇ ಇರಲಿಲ್ಲ, ಅತ್ತಿಗೆ. ನಿಮ್ಮನ್ನ ಸುಮ್ಮನೆ ನಿಲ್ಲಿಸಿದ್ದರು," ಎಂದು ಹೇಳಿ ಐಡೆಲ್ಲಾ ಹೋದಳು.

ಮತದಾನದ ಮುಂಚಿನ ಭಾನುವಾರ ಚರ್ಚು ಕಿಕ್ಕಿರಿದಿತ್ತು. ಐಡೆಲ್ಲಾ ಹಿಂದಿನ ಸಾಲಿನಲ್ಲಿ ಕೂತಿದ್ದಳು. ಗುಲಾಬಿ ಚೀಟಿಗಳ ಕಟ್ಟು ವರ್ಲೀನಳ ತೊಡೆಯ ಮೇಲಿತ್ತು, ಹೊರೇಸನ ಹೆಸರಿನೊಂದಿಗೆ. ಪ್ರಾರ್ಥನೆ ಮುಗಿದ ಮೇಲೆ ಹೊರೇಸ್ ಎದ್ದು ಮುಂದೆ ಬಂದ. ಬೂದು ಸೂಟು, ಮೆತ್ತನೆಯ ದನಿ.

"ನನಗೆ ಯಾರ ಮೇಲೂ ಸಿಟ್ಟಿಲ್ಲ. ಸಿಸ್ಟರ್ ಐಡೆಲ್ಲಾಗೆ ಒಂದೇ ಒಂದು ಮಾತು. ಸಿಸ್ಟರ್ ವರ್ಲೀನ್ ಕಡೆ ನೋಡಮ್ಮ. ಅರುವತ್ತೆಂಟರಲ್ಲಿ ಅವರಿಗೂ ಈ ಹುಚ್ಚು ಹತ್ತಿತ್ತು. ಹಿರಿಯರು ಕೂತ್ಕೋ ಅಂದ್ರು, ಕೂತರು. ಒಂದು ದಿನ ಗೊಣಗಲಿಲ್ಲ, ಒಂದು ದಿನ ವ್ಯಥೆಪಡಲಿಲ್ಲ. ಹೆಣ್ಣಿನ ಶಕ್ತಿ ಅಂದ್ರೆ ಅದು. ಅಲ್ವಾ ಸಿಸ್ಟರ್? ನೀವೇ ಒಂದು ಮಾತು ಹೇಳಿ."

"ಆಮೆನ್," ಎಂದಿತು ಗಂಡಸರ ಸಾಲು.

ಹದಿನೆಂಟು ವರ್ಷದಲ್ಲಿ ಆ ಚರ್ಚಿನಲ್ಲಿ ವರ್ಲೀನಳನ್ನು ಎಲ್ಲರೆದುರು ಹೊಗಳಿದ್ದು ಅದೇ ಮೊದಲು. ಹೊಗಳಿದ್ದು ಅವಳು ಮಾಡಿದ್ದಕ್ಕಲ್ಲ, ಮಾಡದೆ ಬಿಟ್ಟದ್ದಕ್ಕೆ. ಅವಳು ಎದ್ದಳು.

"ವ್ಯಥೆಪಟ್ಟೆ, ಡೀಕನ್," ಎಂದಳು. "ದಿನಾ ಪಟ್ಟೆ. ನಿಮ್ಮ ಮೀನು ಕರೀತಾ ಪಟ್ಟೆ. ನೀವು ಆಸ್ಪತ್ರೆ ಮುಚ್ಚೋಕೆ ಕೈ ಎತ್ತಿದ ದಿನ ಆ ಕೈ ನನ್ನದಾಗಿರಬೇಕಿತ್ತು ಅಂತ ಪಟ್ಟೆ, ನಾನಾಗಿದ್ರೆ ಎತ್ತುತ್ತಿರಲಿಲ್ಲ. ಕಾರ್ಲೀನಳನ್ನ ಹೂಳೋ ದಿನವೂ ನಾನು ನಿಮಗೆ ಊಟ ಬಡಿಸಿದೆ."

"ಸಿಸ್ಟರ್, ಕೂತ್ಕೊಳ್ಳಿ."

"ಕೂತು ಸಾಕಾಗಿದೆ." ಅವಳು ಜನರ ಕಡೆ ತಿರುಗಿದಳು. "ಐಡೆಲ್ಲಾ ಬಗ್ಗೆ ಊರಲ್ಲಿರೋ ಮಾತು ಹುಟ್ಟಿದ್ದು ಈ ನಾಲಿಗೆ ಮೇಲೆ. ಅವಳ ಗಂಡ ಬಿಟ್ಟು ಹೋಗಲಿಲ್ಲ. ಹೊಡೆದು ಬಡಿದು ಅರ್ಧ ಸಾಯಿಸಿದ, ಅವಳು ಹೊರಗೆ ಹಾಕಿದಳು. ರಕ್ತ ತೊಳೆದವಳು ನಾನೇ. ಗೊತ್ತಿದ್ದೂ ಹಾಗಂದೆ. ಯಾಕೆ ಅಂದ್ರೆ ಹೊಟ್ಟೆಕಿಚ್ಚು. ಈಗಲೂ ಉರೀತಿದೆ, ದೇವರ ಮನೇಲಿ ನಿಂತು ಸುಳ್ಳು ಹೇಳಲ್ಲ. ಆದರೆ ನನ್ನ ಉರಿ ನಂಬಿಕೊಂಡು ನೀವು ಮತ ಹಾಕಬೇಡಿ. ಮಂಗಳವಾರ ನಮ್ಮ ಕಾರುಗಳು ಓಡ್ತವೆ. ಅವಳ ಹೆಸರಲ್ಲಿ ಓಡ್ತವೆ."

ಚೀಟಿಗಳ ಕಟ್ಟನ್ನು ಹೊರೇಸನ ಮುಂದಿನ ಮೇಜಿನ ಮೇಲಿಟ್ಟು ಹೊರಗೆ ನಡೆದಳು. ಗಂಡಸರ ಸಾಲಿನಲ್ಲಿ ರೂಬೆನ್ ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದ. ತಂಗಿಯ ಪಾಡು ಅವನಿಗೆ ಆಗಷ್ಟೇ ಗೊತ್ತಾಗಿತ್ತು.

ಇಲ್ಲಿಗೆ ಎಲ್ಲ ಸರಿಹೋಯಿತು ಎಂದು ಬರೆಯುವ ಆಸೆ ಯಾರಿಗಿಲ್ಲ? ಆದರೆ ಒಂದು ತಿಂಗಳು ಓಡಿದ ಮಾತನ್ನು ಎರಡು ದಿನದಲ್ಲಿ ಹಿಡಿದು ತರಲಾಗುವುದಿಲ್ಲ. ಮಂಗಳವಾರ ವರ್ಲೀನ್ ಬೆಳಗಿನಿಂದ ಕಾರು ಓಡಿಸಿದಳು. ಕೆಲವರು ಹತ್ತಿದರು, ಕೆಲವರು ಹತ್ತಲಿಲ್ಲ. ಸಂಜೆ ಎಣಿಕೆ ಮುಗಿದಾಗ ಐಡೆಲ್ಲಾ ಹನ್ನೊಂದು ಮತಗಳಿಂದ ಸೋತಿದ್ದಳು.

ತನ್ನ ಮಾತು ನಂಬಿ ಹಿಂದೆ ಸರಿದ ಆ ಹನ್ನೊಂದು ಮನೆಗಳು ಯಾವುವೆಂದು ವರ್ಲೀನ್ ಬೆರಳು ಮಡಿಚಿ ಹೇಳಬಲ್ಲವಳಾಗಿದ್ದಳು. ಊರಿನ ಪಟ್ಟಿ ಅವಳಿಗೆ ಬಾಯಿಪಾಠ ತಾನೇ.

ಶುಕ್ರವಾರ ಗೆಲುವಿನ ಊಟಕ್ಕೆಂದು ಹೊರೇಸನ ಕಡೆಯವರು ಹೇಳಿಕಳಿಸಿದರು. ವರ್ಲೀನ್ ಬರುವುದಿಲ್ಲವೆಂದಳು. ಉಳಿದ ಹೆಂಗಸರಲ್ಲಿ ಏಳು ಜನ ತಾವೂ ಬರುವುದಿಲ್ಲವೆಂದರು. ಗಂಡಸರು ಪೇಟೆಯಿಂದ ಕೋಳಿ ತರಿಸಿಕೊಂಡು ಉಂಡರಂತೆ.

ಶನಿವಾರ ಅವಳು ಐಡೆಲ್ಲಾಳ ಮನೆಗೆ ಹೋದಳು. ಐಡೆಲ್ಲಾ ಬಸ್ಸಿನ ಗಾಜು ಒರೆಸುತ್ತಿದ್ದಳು, ತಿರುಗಿ ನೋಡಲಿಲ್ಲ.

"ತಪ್ಪಾಯ್ತು ಕಣೇ."

"ಸುಳ್ಳು ಹೇಳುವಾಗಲೂ ನನ್ನನ್ನ ಕೇಳಲಿಲ್ಲ, ನಿಜ ಹೇಳುವಾಗಲೂ ಕೇಳಲಿಲ್ಲ," ಎಂದಳು ಐಡೆಲ್ಲಾ. "ಅಣ್ಣ ಭಾನುವಾರದಿಂದ ನನ್ನ ಮುಖ ನೋಡ್ತಿಲ್ಲ, ಅಳ್ತಾನೆ. ನನ್ನ ಕಥೆ ಅದು, ಅತ್ತಿಗೆ. ನಾನು ಹೇಳಬೇಕಿತ್ತು."

ವರ್ಲೀನ್ ಮತ್ತೊಂದು ಬಟ್ಟೆ ತೆಗೆದುಕೊಂಡು ಆಚೆ ಬದಿಯ ಗಾಜು ಒರೆಸತೊಡಗಿದಳು. ಎರಡು ಕಿಟಕಿ ಮುಗಿದ ಮೇಲೆ ಐಡೆಲ್ಲಾ ಹೇಳಿದಳು, "ಕ್ಷಮಿಸಿದೆ ಅಂತ ಬಾಯಿಮಾತಿಗೆ ಹೇಳೋಕೆ ನನಗೆ ಬರಲ್ಲ. ಆದರೆ ಮುಂದಿನ ಸಲ ಮತ್ತೆ ನಿಲ್ತೀನಿ. ಆಸ್ಪತ್ರೆ ಬಾಗಿಲು ತೆಗೆಸೋವರೆಗೂ ನಿಲ್ತೀನಿ. ಆ ಹನ್ನೊಂದು ಮನೆ ನಿಮಗೆ ಗೊತ್ತಲ್ಲ?"

"ಗೊತ್ತು."

"ನಡೀರಿ ಹಾಗಾದ್ರೆ. ಇವತ್ತಿಂದಲೇ."

ಮೊದಲ ಮನೆ ಮಿಸ್ ಆಸಿಯದು. ಮುದುಕಿ ಬಾಗಿಲು ತೆರೆದಳು. ವರ್ಲೀನಳ ಹೆಗಲಾಚೆ ನಿಂತಿದ್ದ ಐಡೆಲ್ಲಾಳನ್ನು ಕಂಡು ಅವಳ ಮುಖ ಮೊದಲು ನಾಚಿತು, ಆಮೇಲೆ ಅರಳಿತು. ಬಾಗಿಲ ಮುಂದೆಯೇ ನಿಂತಿದ್ದ ವರ್ಲೀನಳನ್ನು ಅವಳ ಕಣ್ಣು ಗಮನಿಸಲೇ ಇಲ್ಲ. ವರ್ಲೀನಳ ಹೊಟ್ಟೆ ಮತ್ತೆ ಚುರುಕ್ಕೆಂದಿತು.

ಅವಳು ಅದನ್ನು ಹಾಗೇ ಉರಿಯಲು ಬಿಟ್ಟಳು. "ಮಿಸ್ ಆಸಿ," ಎಂದಳು, "ನಿಮಗೆ ಒಂದು ಸುಳ್ಳು ಕೊಟ್ಟು ಹೋಗಿದ್ದೆ. ವಾಪಸ್ ತಗೊಂಡು ಹೋಗೋಕೆ ಬಂದೆ. ಒಳಗೆ ಬರಲಾ?"