ಹಲಗೆಯ ಮೇಲೆ ಒಂದೇ ಸಾಲು

ಗಣಿತ ಅವಳ ಪಾಲಿಗೆ ಕಬ್ಬಿಣದ ಕಡಲೆ. ಕಾಲೇಜಿನ ಎರಡನೇ ವರ್ಷದಲ್ಲಿ ಅದನ್ನು ಕಡಿಯಲು ಹೋಗಿ ಎರಡು ಸಲ ಹಲ್ಲು ಮುರಿದುಕೊಂಡಿದ್ದಳು. ಮೂರನೇ ಸಲವೂ ಫೇಲಾದರೆ ಹೆಸರು ಹೊಡೆದುಹಾಕುತ್ತಾರೆ. ಪರೀಕ್ಷೆಗೆ ಉಳಿದದ್ದು ಒಂಬತ್ತೇ ದಿನ. ಇಷ್ಟಾದರೂ ಈ ಮಹಾರಾಯಿತಿ ಎರಡು ಸಲವೂ ಮನೆಯಲ್ಲಿ "ಎಲ್ಲ ಪಾಸಮ್ಮ" ಎಂದು ನಗುನಗುತ್ತಾ ಹೇಳಿದ್ದಳು. ಅಮ್ಮ ದರ್ಜಿ. ಬೆಳಗಿನಿಂದ ಸಂಜೆಯವರೆಗೆ ಹೊಲಿಗೆ ಯಂತ್ರ ತುಳಿದು ಓದಿಸುತ್ತಿದ್ದಳು. ಅವಳ ಮುಖ ಸಣ್ಣಗಾಗುವುದನ್ನು ನೋಡುವುದಕ್ಕಿಂತ ಸಾಯುವುದೇ ವಾಸಿ ಎಂದು ಮಗಳಿಗೆ ಒಂದೆರಡು ಸಲ ಅನ್ನಿಸಿದ್ದೂ ಉಂಟು.

ಗಣಿತ ವಿಭಾಗದ ಮೂಲೆಯ ಕೋಣೆಯಲ್ಲಿ ಒಂದು ಹಳೆಯ ಪದ್ಧತಿ ಇತ್ತು. ಲೆಕ್ಕದಲ್ಲಿ ಸಿಕ್ಕಿಬಿದ್ದವರು ತಮಗೆ ಬಂದಷ್ಟನ್ನು ಹಲಗೆಯ ಮೇಲೆ ಬರೆದು ಹೋಗಬೇಕು. ಆಮೇಲೆ ಬಂದವರು ಅದರ ಕೆಳಗೆ ಒಂದೇ ಒಂದು ಸಾಲು ಸೇರಿಸಬೇಕು. ಎರಡನೇ ಸಾಲು ಬರೆಯುವಂತಿಲ್ಲ, ಹೆಸರು ಹಾಕುವಂತಿಲ್ಲ. ಬಾಯಿಬಿಟ್ಟು ಕೇಳಲು ನಾಚುವ ಇವಳಂಥವರಿಗೆ ಹೇಳಿ ಮಾಡಿಸಿದ ಏರ್ಪಾಡು.

ರಜೆಯ ದಿನಗಳು. ಜವಾನನಿಂದ ಕೀಲಿ ಇಸಿದುಕೊಂಡು ಹೋಗಿ ಲೆಕ್ಕ ಬರೆದು ಬಂದಳು. ಮರುದಿನ ಕೆಳಗೊಂದು ಸಾಲು ಸೇರಿತ್ತು. ಎಡಕ್ಕೆ ವಾಲಿದ ಸಣ್ಣ ಅಕ್ಷರ, ಸರಿಯಾದ ಹೆಜ್ಜೆ. ಅದರ ಮರುದಿನವೂ ಹಾಗೇ. ಯಾರೋ ಪುಣ್ಯವಂತರು ಎಂದುಕೊಂಡಳು. ನಾಲ್ಕನೇ ದಿನ ಕೀಲಿ ಹಿಂತಿರುಗಿಸುವಾಗ ಕೇಳಿದಳು.

"ನನ್ನ ಬಿಟ್ಟು ಇನ್ಯಾರು ಬರ್ತಾರೆ ಅಂಕಲ್?"

"ರಜದಲ್ಲಿ ಯಾರಮ್ಮಾ ಬರ್ತಾರೆ? ಇರೋದೇ ಒಂದು ಕೀಲಿ. ನಿಂಗೆ ಕೊಟ್ಟಾಗ ಬಿಟ್ರೆ ಅದು ನನ್ನ ಸೊಂಟದಿಂದ ಕದಲಲ್ಲ."

ಬೇರೆಯವರಾಗಿದ್ದರೆ ಅಲ್ಲಿಂದಲೇ ಕಾಲಿಗೆ ಬುದ್ಧಿ ಹೇಳುತ್ತಿದ್ದರು. ಆದರೆ ದೆವ್ವಕ್ಕಿಂತ ಪರೀಕ್ಷೆ ದೊಡ್ಡದು. ಮರುದಿನವೂ ಹೋದಳು.

ಅಂದಿನ ಸಾಲು ತಪ್ಪಾಗಿತ್ತು. ಸಮೀಕರಣದ ಎರಡೂ ಕಡೆಯನ್ನು ಎಕ್ಸ್‌ನಿಂದ ಭಾಗಿಸಿ, ಎಕ್ಸನ್ನು ಹೊಡೆದುಹಾಕಲಾಗಿತ್ತು. ಎಕ್ಸ್ ಸೊನ್ನೆಯೇ ಆಗಿದ್ದರೆ? ಒಂದು ಉತ್ತರವೇ ಕಳೆದುಹೋಯಿತಲ್ಲ! ತಪ್ಪೊಂದು ತಾನಾಗಿ ಕಣ್ಣಿಗೆ ಬಿದ್ದದ್ದು ಅವಳ ಜನ್ಮದಲ್ಲೇ ಮೊದಲು. ಹೆದರಿಕೆ ಮರೆತು ಬರೆದಳು: "ಎಕ್ಸ್ ಸೊನ್ನೆ ಇರಬಹುದು, ಭಾಗಿಸಬಾರದು."

ಚಾಕ್‌ಪೀಸು ಇಡಲು ಕಿಟಕಿಯ ಕಡೆ ತಿರುಗಿದಳು. ಬೆನ್ನ ಹಿಂದೆ ಹಲಗೆ ಕಿರುಗುಟ್ಟಿತು. ತಿರುಗಿ ನೋಡಿದರೆ ಕೋಣೆ ಖಾಲಿ. ಬೆಳಗಿನ ಬಿಸಿಲಲ್ಲಿ ಸೀಮೆಸುಣ್ಣದ ಪುಡಿ ಇನ್ನೂ ಉದುರುತ್ತಿತ್ತು. ಅವಳ ಸಾಲಿನ ಕೆಳಗೆ ಹೊಸದೊಂದು ಸಾಲಿತ್ತು.

"ಮೂರು ಸಲವೂ ನಾನು ಇಲ್ಲೇ ತಪ್ಪಿದೆ, ಯಾರನ್ನೂ ಕೇಳಲಿಲ್ಲ."

ಓಡಿಬಂದು ಮೆಟ್ಟಿಲ ಮೇಲೆ ಕೂತವಳಿಗೆ ಜವಾನ ನೀರು ಕೊಟ್ಟ. ಹಲಗೆಯ ಮೇಲಿನ ಅಕ್ಷರ ಎಡಕ್ಕೆ ವಾಲಿತ್ತೇ ಎಂದು ಕೇಳಿ, ಅವಳು ಹೌದೆಂದು ತಲೆಯಾಡಿಸಿದ ಮೇಲೆ ಹೇಳಿದ.

"ನಾನು ಕೆಲಸಕ್ಕೆ ಸೇರಿದ ವರ್ಷ ಒಂದು ಹುಡುಗಿ ಇದ್ಲು. ಮೂರನೇ ಸಲ ಫೇಲಾದ ದಿನ ಆ ಕೋಣೆಯಿಂದ ಎದ್ದು ಹೋದವಳು ಮನೆ ಸೇರಲೇ ಇಲ್ಲ. ಹುಡುಕ್ಕೊಂಡು ಬಂದ ಅವಳಮ್ಮ, ನನ್ನ ಮಗಳು ಎಲ್ಲದರಲ್ಲೂ ಪಾಸಲ್ವಾ ಅಂತ ನನ್ನನ್ನೇ ಕೇಳಿದ್ರು."

ಅವಳು ಲೋಟ ಕೆಳಗಿಟ್ಟು ಎದ್ದಳು. ನೇರ ಮನೆಗೆ ಹೋಗಿ, ಓಡುತ್ತಿದ್ದ ಯಂತ್ರದ ಚಕ್ರ ಹಿಡಿದು ನಿಲ್ಲಿಸಿ, ಎಲ್ಲವನ್ನೂ ಒದರಿಬಿಟ್ಟಳು. ಸಾಯೋಣ ಅನ್ನಿಸಿದ್ದನ್ನೂ ಮುಚ್ಚಿಡಲಿಲ್ಲ. ಹಲಗೆಯ ವಿಷಯ ಮಾತ್ರ ಹೇಳಲು ಧೈರ್ಯ ಬರಲಿಲ್ಲ.

ಅಮ್ಮನ ಮುಖ ಸಣ್ಣಗಾಯಿತು, ನಿಜ. ಆದರೆ ಕೈ ಮಗಳ ರಟ್ಟೆಯನ್ನು ಗಟ್ಟಿಯಾಗಿ ಹಿಡಿದಿತ್ತು.

"ಫೇಲಾದ್ರೆ ಏನಾಯ್ತೇ? ಅಳತೆ ತಪ್ಪಿದ ಬಟ್ಟೆ ನಾನು ಎಷ್ಟು ಬಿಚ್ಚಿ ಹೊಲಿದಿಲ್ಲ? ನೀನೇ ಇಲ್ಲದೆ ನಿನ್ನ ಪಾಸು ಕಟ್ಟಿಕೊಂಡು ನಾನೇನು ಮಾಡ್ಲಿ?" ಎಂದು ಅತ್ತಳು, ಬೈದಳು, ಮತ್ತೆ ಅತ್ತಳು.

ಮರುದಿನ ಅಮ್ಮ ಯಂತ್ರಕ್ಕೆ ಬಟ್ಟೆ ಮುಚ್ಚಿ ಮಗಳ ಜೊತೆಯಲ್ಲೇ ಹೊರಟಳು. ಮೊದಲು ಗಣಿತದ ಮೇಡಂ ಮನೆಗೆ ಹೋಗಿ, ದಿನಕ್ಕೊಂದು ಗಂಟೆ ಹೇಳಿಕೊಡಲು ಒಪ್ಪಿಸಿದಳು. ನಾಚಿಕೆಯಿಂದ ಮಗಳ ತಲೆ ತಗ್ಗಿದರೆ, ಮೇಡಂ "ಇಷ್ಟು ದಿನ ಎಲ್ಲಿದ್ಯೇ ಮಾರಾಯ್ತಿ" ಎಂದು ನಕ್ಕರು. ಆಮೇಲೆ, ಮಗಳು ಲೆಕ್ಕ ಮಾಡುವ ಜಾಗ ನೋಡಬೇಕೆಂದು ಅಮ್ಮನೇ ಹಠಮಾಡಿ ಆ ಕೋಣೆಗೂ ಬಂದಳು. ಕೊನೆಯ ಬೆಂಚಿನಲ್ಲಿ ಅಂಗಿಗೆ ಕಾಜಾ ಹೊಲಿಯುತ್ತಾ ಕೂತಳು.

"ಒಂದೊಂದು ಸಾಲನ್ನೂ ಜೋರಾಗಿ ಹೇಳು. ನಂಗೆ ಲೆಕ್ಕ ಬರಲ್ಲ, ನೀನು ತಡವರಿಸೋದು ಗೊತ್ತಾಗುತ್ತೆ."

ಮಗಳು ಮುಂದಿನ ಬೆಂಚಿನಲ್ಲಿ ಕೂತು ಹೇಳುತ್ತಾ ಬರೆದಳು. ತಡವರಿಸಿದಲ್ಲೆಲ್ಲ ಅಮ್ಮನ ಸೂಜಿ ನಿಲ್ಲುತ್ತಿತ್ತು. ಮಗಳು ಅಲ್ಲೇ ತಡೆದು, ಹಿಂದಿನ ಸಾಲಿಗೆ ಹೋಗಿ, ಮತ್ತೆ ಹೇಳುವಳು. ಸಂಜೆ ನಾಲ್ಕರ ಹೊತ್ತಿಗೆ ಏಳು ಲೆಕ್ಕ ಮುಗಿದಿದ್ದವು. ಅವಳಿಗೆ ಹಸಿವಾಯಿತು. ಹಾಗೆ ಹಸಿವಾಗಿ ಎಷ್ಟೋ ದಿನವಾಗಿತ್ತು.

ಹೊರಟಾಗ ಅಮ್ಮ ಬಾಗಿಲ ಬಳಿ ನಿಂತಳು.

"ಅವಳನ್ನೂ ಕರಿಯೇ."

"ಯಾರನ್ನಮ್ಮಾ?"

"ಅದೇ, ಮಧ್ಯಾಹ್ನದಿಂದ ನಿನ್ನ ಪಕ್ಕದಲ್ಲೇ ಕೂತು, ನೀನು ಹೇಳಿದ್ದೆಲ್ಲ ಬರ್ಕೊಳ್ತಿದ್ದಾಳಲ್ಲ, ಎಡಗೈ ಹುಡುಗಿ. ಪಾಪ, ಹೊತ್ತಾಯ್ತು, ಅವಳಮ್ಮ ಕಾಯ್ತಿರಲ್ವಾ?"

ಮಗಳ ಮೈ ಜುಮ್ಮೆಂದಿತು. ಖಾಲಿ ಬೆಂಚಿನ ಕಡೆ ತಿರುಗಿ, ಹೇಗೋ ದನಿ ತಂದುಕೊಂಡಳು.

"ಮನೆಗೆ ಹೋಗು ಅಕ್ಕಾ. ಹೇಳಿದ್ರೆ ಅಮ್ಮ ಏನೂ ಅನ್ನಲ್ಲ."

ಅಮ್ಮ ಬಾಗಿಲನ್ನು ಅಗಲ ತೆರೆದು ಹಿಡಿದು, ಒಬ್ಬರು ದಾಟಿ ಹೋಗುವಷ್ಟು ಹೊತ್ತು ಪಕ್ಕಕ್ಕೆ ಸರಿದು ನಿಂತಳು. ಆಮೇಲೆ ಬೀಗ ಹಾಕಿದಳು.